ಬಿಸಿಲಿನಲ್ಲಿ ಪಕ್ಕದವರ ಮೇಲೊಂದು ಕಣ್ಣಿರಲಿ

ಪರೀಕ್ಷೆ ಮುಗಿಯಿತು, ರಜೆ ಬಂತು. ಬೆಂಗಳೂರು, ಮೈಸೂರುಗಳ ಮಕ್ಕಳು ಅಜ್ಜನ ಊರಿನ ಬಸ್ಸು ಹಿಡಿಯುವ ಕಾಲ ಇದು. ಊರೂರಲ್ಲಿ ಜಾತ್ರೆ, ತೇರು, ಮದುವೆ, ಮುಂಜಿ. ಬಯಲು ಸಿಕ್ಕರೆ ಬೆಳಿಗ್ಗೆಯಿಂದ ಸಂಜೆಯವರೆಗೂ ಕ್ರಿಕೆಟ್. ನಮ್ಮ ನಾಡಿನಲ್ಲಿ ಬಿಸಿಲು ಅತ್ಯಂತ ಪ್ರಖರವಾಗಿರುವುದೂ ಇದೇ ಎರಡು ತಿಂಗಳು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಮತ್ತು ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪದ್ಧತಿಯಿದೆ. ದೊಡ್ಡವರಿಗೆ ಈ ಅನುಕೂಲ ಉಂಟು. ಆಟಕ್ಕೆ ಇಳಿದ ಮಕ್ಕಳಿಗೆ ಇಂಥ ವೇಳಾಪಟ್ಟಿ ಇಲ್ಲ. ತಂಪಿನ ಊರು ಎಂದು ಹೆಸರಾದ ಬೆಂಗಳೂರಿನಲ್ಲಿಯೂ 2016ರ ಏಪ್ರಿಲ್ 24ರಂದು ಉಷ್ಣತೆ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಆದ್ದರಿಂದ ಇದು ಬಿಸಿಲುನಾಡಿನವರಿಗೆ ಮಾತ್ರ ಸಂಬಂಧಿಸಿದ ಮಾತಲ್ಲ.

ಬಿಸಿಲಿಗೆ ಹೋಗಬೇಡಿ, ನೀರು ಕುಡಿಯಿರಿ, ಟೋಪಿ ಹಾಕಿಕೊಳ್ಳಿ ಎಂಬ ಬುದ್ಧಿಮಾತುಗಳನ್ನು ಕೇಳದವರಿಲ್ಲ. ಆದರೂ ಪ್ರತಿ ಬೇಸಿಗೆಯಲ್ಲಿ ಬಿಸಿಲು ಬಡಿದು ಸತ್ತವರ ಸುದ್ದಿ ಬರುತ್ತಲೇ ಇರುತ್ತದೆ. ಕಾರಣ ಸರಳ. ಬಾಯಾರಿಕೆ ತಡವಾಗಿ ಎಚ್ಚರಿಸುತ್ತದೆ. ಅದಕ್ಕಿಂತ ಮೊದಲೇ ಮೈಯಲ್ಲಿ ನೀರು ಕಡಿಮೆಯಾಗಿರುತ್ತದೆ. ಇನ್ನೂ ಮುಂದೆ ಹೋದರೆ ಶಾಖವು ಮಿದುಳನ್ನೇ ಮಂಕು ಮಾಡುತ್ತದೆ. ಯೋಚಿಸಬೇಕಾದ ಅಂಗವೇ ಕೆಟ್ಟಾಗ ‘ನನಗೇನೋ ಆಗುತ್ತಿದೆ’ ಎಂದು ಹೇಳುವವರು ಯಾರು? ಬಿಸಿಲು ಬಡಿದವನಿಗೆ ಅದು ತಿಳಿಯದು. ತಿಳಿಯಬೇಕಾದವರು ಪಕ್ಕದಲ್ಲಿರುವವರು. ಈ ವಾರದ ಅಂಕಣದಿಂದ ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ.

ಮಡಕೆ ಕಲಿಸುವ ಪಾಠ

ನಮ್ಮ ಮೈ ಹೇಗೆ ತಂಪಾಗುತ್ತದೆ ಎಂಬುದನ್ನು ತಿಳಿಯಲು ಅಡುಗೆಮನೆಯ ಮೂಲೆಯಲ್ಲಿರುವ ಮಣ್ಣಿನ ಮಡಕೆಯನ್ನು ನೋಡಿದರೆ ಸಾಕು. ಅದರ ಸಣ್ಣ ರಂಧ್ರಗಳಿಂದ ನೀರು ಹೊರಕ್ಕೆ ಜಿನುಗುತ್ತದೆ. ಗಾಳಿ ತಾಗಿ ಆವಿಯಾಗುತ್ತದೆ. ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಕೊಂಡೊಯ್ಯುತ್ತದೆ. ಬೆವರು ಮಾಡುವ ಕೆಲಸವೂ ಇದೇ. ಒಂದು ಗ್ರಾಂ ನೀರನ್ನು ಸೊನ್ನೆ ಡಿಗ್ರಿಯಿಂದ ನೂರು ಡಿಗ್ರಿಯವರೆಗೆ ಕಾಯಿಸಲು 100 ಕ್ಯಾಲೊರಿ ಶಾಖ ಸಾಕು. ಅದೇ ಒಂದು ಗ್ರಾಂ ಬೆವರು ಚರ್ಮದ ಮೇಲಿಂದ ಆವಿಯಾಗಲು ಸುಮಾರು 580 ಕ್ಯಾಲೊರಿ ಬೇಕು. ಅಷ್ಟೂ ಶಾಖ ಮೈಯಿಂದಲೇ ಹೋಗುತ್ತದೆ. ಸುತ್ತಲಿನ ಗಾಳಿ ನಮ್ಮ ಮೈಗಿಂತ, ಅಂದರೆ 37 ಡಿಗ್ರಿಗಿಂತ ಬಿಸಿಯಾದಾಗ ಮೈಗೆ ಉಳಿಯುವುದು ಈ ಒಂದೇ ದಾರಿ.

ಮಡಕೆಯನ್ನೇ ಇನ್ನಷ್ಟು ಗಮನಿಸಿ. ಅದಕ್ಕೆ ಬಣ್ಣ ಬಳಿದರೆ ನೀರು ತಂಪಾಗದು, ರಂಧ್ರ ಮುಚ್ಚಿಹೋಗಿರುತ್ತದೆ. ಗಾಳಿಯಾಡದ ನೈಲಾನ್ ಅಂಗಿ, ಬಿಗಿಯಾದ ಪಾಲಿಯೆಸ್ಟರ್ ಸಮವಸ್ತ್ರ ಮೈಗೆ ಮಾಡುವುದೂ ಅಷ್ಟೇ. ಮಡಕೆಯಲ್ಲಿ ನೀರೇ ಇಲ್ಲದಿದ್ದರೆ ಜಿನುಗುವುದೇನು? ನೀರು ಕುಡಿಯದ ಹುಡುಗನ ಸ್ಥಿತಿ ಅದು. ಮೂರನೆಯದು ಬಹಳ ಮುಖ್ಯ. ಒಣಗಾಳಿಯ ಕಲಬುರಗಿಯಲ್ಲಿ ಮಡಕೆಯ ನೀರು ತಣ್ಣಗೆ ಕೊರೆಯುತ್ತದೆ. ಮಂಗಳೂರಿನಲ್ಲಿ ಅದೇ ಮಡಕೆ ಅಷ್ಟು ತಂಪು ಮಾಡದು. ಗಾಳಿಯಲ್ಲಿ ಆಗಲೇ ತೇವಾಂಶ ತುಂಬಿರುವುದರಿಂದ ಜಿನುಗಿದ ನೀರು ಆರುವುದಿಲ್ಲ.

ಡಿಗ್ರಿಯೊಂದನ್ನೇ ನಂಬಬೇಡಿ

ರೇಡಿಯೊ, ಟಿ.ವಿ.ಗಳಲ್ಲಿ ನಾವು ಕೇಳುವುದು ಉಷ್ಣತೆಯ ಅಂಕಿಯನ್ನು. ಭಾರತೀಯ ಹವಾಮಾನ ಇಲಾಖೆಯ ಅಳತೆಗೋಲಿನಂತೆ ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣತೆ ಕನಿಷ್ಠ 40 ಡಿಗ್ರಿ ಮುಟ್ಟಿ, ಆ ಕಾಲದ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ ಅದು ಬಿಸಿಗಾಳಿ. 45 ಡಿಗ್ರಿ ಮುಟ್ಟಿದರೆ ವಾಡಿಕೆಯ ಲೆಕ್ಕ ನೋಡದೆ ಬಿಸಿಗಾಳಿ ಎಂದೇ ಸಾರುತ್ತಾರೆ. ಕರಾವಳಿಗೆ ಈ ಮಿತಿ 37 ಡಿಗ್ರಿಯಿಂದಲೇ ಆರಂಭ. ಕರಾವಳಿಗೆ ಮಿತಿ ಕಡಿಮೆ ಏಕೆಂಬುದಕ್ಕೆ ಮಡಕೆಯೇ ಉತ್ತರ ಕೊಟ್ಟಿದೆ.

ವಿಜ್ಞಾನದ ವಿದ್ಯಾರ್ಥಿಗಳು ಒದ್ದೆ ಬಲ್ಬಿನ ಉಷ್ಣತಾಮಾಪಕದ ಬಗ್ಗೆ ಓದಿರುತ್ತಾರೆ. ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿ, ಗಾಳಿ ಬೀಸಿದಾಗ ಅದು ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನು ನೋಡುವ ಸಾಧನ ಅದು. ಬೆವರಿದ ಮೈ ಎಷ್ಟು ತಂಪಾಗಬಲ್ಲದು ಎಂಬುದರ ಅಂದಾಜು ಅದರಿಂದ ಸಿಗುತ್ತದೆ. ಲೆಕ್ಕ ಹಾಕಿ ನೋಡಿ: 42 ಡಿಗ್ರಿ ಬಿಸಿ, ತೇವಾಂಶ ಶೇಕಡಾ 15 ಇದ್ದರೆ ಒದ್ದೆ ಬಲ್ಬು ಸುಮಾರು 22 ಡಿಗ್ರಿ ತೋರಿಸುತ್ತದೆ. ಬರೀ 35 ಡಿಗ್ರಿ ಬಿಸಿ, ಆದರೆ ತೇವಾಂಶ ಶೇಕಡಾ 70 ಇದ್ದರೆ ಅದು ಸುಮಾರು 30 ಡಿಗ್ರಿ! ಒದ್ದೆ ಬಲ್ಬು 35 ಡಿಗ್ರಿ ತೋರಿಸುವವರೆಗೆ ಮನುಷ್ಯ ತಾಳಬಲ್ಲ ಎಂದು ಹಿಂದೆ ಎಣಿಸಿದ್ದರು. ಅಮೆರಿಕದಲ್ಲಿ ಆರೋಗ್ಯವಂತ ತರುಣರ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸೆಕೆಯ ವಾತಾವರಣದಲ್ಲಿ ಸುಮಾರು 31 ಡಿಗ್ರಿಗೇ ಮೈಯ ಬಿಸಿ ಹತೋಟಿ ತಪ್ಪತೊಡಗಿತ್ತು.

ಹಾಗೆಂದು ಒಣ ಬಿಸಿಲು ನಿರಪಾಯಕಾರಿ ಎಂದು ತಿಳಿಯಬಾರದು. ಅಲ್ಲಿ ಬೆವರು ಕಣ್ಣಿಗೆ ಕಾಣುವ ಮೊದಲೇ ಆರಿಹೋಗುತ್ತದೆ. ‘ಬೆವರೇ ಬಂದಿಲ್ಲ’ ಎಂದುಕೊಳ್ಳುತ್ತಿರುವಾಗಲೇ ಮೈಯ ನೀರು ಬತ್ತುತ್ತಿರುತ್ತದೆ. ರಾಯಚೂರಿನಲ್ಲಿ ನೀರು ಮುಗಿಯುವ ಭಯ, ಮಂಗಳೂರಿನಲ್ಲಿ ಬೆವರು ಆರದ ಭಯ.

2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್‌ಘರ್‌ನಲ್ಲಿ ನಡೆದ ದುರಂತವನ್ನು ಇಲ್ಲಿ ನೆನೆಯಬೇಕು. ಪ್ರಶಸ್ತಿ ಪ್ರದಾನ ಸಮಾರಂಭಕ್ಕಾಗಿ ಲಕ್ಷಾಂತರ ಜನ ಬಯಲಿನಲ್ಲಿ ಗಂಟೆಗಟ್ಟಲೆ ಬಿಸಿಲಿಗೆ ಕುಳಿತಿದ್ದರು. ಸಮೀಪದ ಹವಾಮಾನ ಕೇಂದ್ರದಲ್ಲಿ ದಾಖಲಾದದ್ದು ಸುಮಾರು 38 ಡಿಗ್ರಿ. ಆದರೂ 14 ಮಂದಿ ಪ್ರಾಣ ಕಳೆದುಕೊಂಡರು. ಶಾಲೆಗಳಲ್ಲಿ, ಶಿಬಿರಗಳಲ್ಲಿ ಮಕ್ಕಳನ್ನು ಸಾಲಾಗಿ ಬಿಸಿಲಿಗೆ ನಿಲ್ಲಿಸಿ ಅತಿಥಿಗಳಿಗಾಗಿ ಕಾಯುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಅದನ್ನು ಬಿಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕೆ?

ಏನನ್ನು ನೋಡಬೇಕು?

ಬಿಸಿಲಿನ ತೊಂದರೆ ಸಾಮಾನ್ಯವಾಗಿ ಸಣ್ಣದಾಗಿಯೇ ಆರಂಭವಾಗುತ್ತದೆ. ಮೊದಲು ಕಾಲಿನ ಮೀನಖಂಡ, ಹೊಟ್ಟೆಯ ಸ್ನಾಯು ಹಿಡಿದುಕೊಳ್ಳಬಹುದು. ಆಮೇಲೆ ತಲೆನೋವು, ತಲೆಸುತ್ತು, ವಾಕರಿಕೆ, ವಿಪರೀತ ಬೆವರು, ಸುಸ್ತು. ಇದು ಬಳಲಿಕೆಯ ಹಂತ. ಆಟ ನಿಲ್ಲಿಸಿ, ನೆರಳಿಗೆ ಕರೆತಂದು, ಮಲಗಿಸಿ, ಮೈ ಒದ್ದೆ ಮಾಡಿ, ಗುಟುಕು ಗುಟುಕಾಗಿ ಉಪ್ಪು ಬೆರೆತ ಪಾನೀಯ ಕೊಟ್ಟರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಚೇತರಿಸಿಕೊಂಡರೂ ಆ ದಿನ ಮತ್ತೆ ಆಟಕ್ಕೆ ಬಿಡಬಾರದು.

ಮುಂದಿನ ಹಂತವೇ ಉಷ್ಣಾಘಾತ. ಮೈಯೊಳಗಿನ ಬಿಸಿ 40 ಡಿಗ್ರಿ ಅಥವಾ ಅದಕ್ಕೂ ಹೆಚ್ಚಾಗುತ್ತದೆ. ಆದರೆ ಬಯಲಿನಲ್ಲಿ ಥರ್ಮಾಮೀಟರ್ ಹುಡುಕುತ್ತ ಕೂರಬೇಕಿಲ್ಲ. ಮಾತು ಮತ್ತು ನಡೆಯನ್ನು ಗಮನಿಸಿ. ಮಾತು ತೊದಲುವುದು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ, ತೂರಾಡುವ ನಡಿಗೆ, ಕಾರಣವಿಲ್ಲದ ಸಿಟ್ಟು, ಫಿಟ್ಸು, ಎಚ್ಚರ ತಪ್ಪುವುದು ಇವು ಅಪಾಯದ ಗುರುತುಗಳು. ಉಷ್ಣಾಘಾತವಾದರೆ ಚರ್ಮ ಒಣಗಿರಲೇಬೇಕು ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ಸರಿಯಲ್ಲ. ಓಡಿ ಆಡುತ್ತಿರುವಾಗ ಕುಸಿದ ಹುಡುಗನ ಮೈಯಲ್ಲಿ ಬೆವರು ಸುರಿಯುತ್ತಿರಬಹುದು. ಸಂಶಯ ಬಂದರೆ ‘ನಿನ್ನ ಹೆಸರೇನು? ಇದು ಯಾವ ಊರು? ಇವತ್ತು ಯಾವ ವಾರ?’ ಎಂದು ಕೇಳಿ. ಉತ್ತರ ತಡವರಿಸಿದರೆ ಒಂದು ನಿಮಿಷವನ್ನೂ ಕಳೆಯಬೇಡಿ.

ಮೊದಲು ತಂಪು, ಆಮೇಲೆ ಪ್ರಯಾಣ

ಇಂಥ ಹೊತ್ತಿನಲ್ಲಿ ಗಾಬರಿಯಿಂದ ಆಟೊ, ಜೀಪು ಹುಡುಕಿ ರೋಗಿಯನ್ನು ತುರುಕಿಕೊಂಡು ಓಡುವುದು ಸಹಜ. ಆದರೆ ಬಿಸಿಯಾದ ವಾಹನದಲ್ಲಿ ಮುಕ್ಕಾಲು ಗಂಟೆ ಕಳೆದರೆ ಅಷ್ಟು ಹೊತ್ತೂ ಮಿದುಳು, ಮೂತ್ರಪಿಂಡ, ಯಕೃತ್ತು ಬೇಯುತ್ತಿರುತ್ತವೆ. ಬಿಸಿ ಎಷ್ಟು ಹೆಚ್ಚಾಗಿತ್ತು ಎಂಬುದರಷ್ಟೇ ಎಷ್ಟು ಹೊತ್ತು ಹಾಗೇ ಇತ್ತು ಎಂಬುದೂ ಜೀವದ ಪ್ರಶ್ನೆ. ಆದ್ದರಿಂದ ಒಬ್ಬರು 108ಕ್ಕೆ ಕರೆ ಮಾಡಲಿ. ಉಳಿದವರು ಆ ಕ್ಷಣವೇ ತಂಪು ಮಾಡಲು ತೊಡಗಲಿ.

ನೆರಳಿಗೆ ಎತ್ತಿ ತನ್ನಿ. ಬೂಟು, ಬೆಲ್ಟು, ಬಿಗಿ ಬಟ್ಟೆ ತೆಗೆಯಿರಿ. ಬಕೆಟ್, ಕೊಡ, ಹೊಲದ ಪಂಪ್‌ಸೆಟ್ಟಿನ ನೀರು, ಯಾವುದು ಸಿಕ್ಕರೂ ಸರಿ, ತಲೆಯಿಂದ ಕಾಲಿನವರೆಗೆ ಧಾರಾಳವಾಗಿ ಸುರಿಯಿರಿ. ಟವೆಲು, ರಟ್ಟು, ಮೊರ ಹಿಡಿದು ಜೋರಾಗಿ ಗಾಳಿ ಹಾಕಿ. ಐಸು ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗಳಲ್ಲಿ ಇಡಿ. ಆಟಗಾರರಿಗೆ ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿಸಿ ಹಿಡಿಯುವುದು ಅತ್ಯಂತ ವೇಗದ ಉಪಾಯ. ತಲೆಯನ್ನು ಒಬ್ಬರು ಎತ್ತಿ ಹಿಡಿದಿರಬೇಕು. ಆಂಬುಲೆನ್ಸ್ ಬಂದ ಮೇಲೂ ದಾರಿಯುದ್ದಕ್ಕೂ ತಂಪು ಮಾಡುವುದನ್ನು ನಿಲ್ಲಿಸಬಾರದು.

ಮಾಡಬಾರದ್ದು ಮೂರು. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಅದು ಶ್ವಾಸನಾಳಕ್ಕೆ ಇಳಿಯಬಹುದು. ಜ್ವರದ ಮಾತ್ರೆ ಕೊಡಬೇಡಿ. ಇದು ಜ್ವರವಲ್ಲ, ಪ್ಯಾರಾಸಿಟಮಾಲ್‌ನಿಂದ ಇಳಿಯದು. ಸುತ್ತ ಜನ ಮುತ್ತಿ ನಿಂತು ಗಾಳಿ ತಡೆಯಬೇಡಿ. ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಲು ಬಡಿಯದು ಎಂಬ ನಂಬಿಕೆ ಉತ್ತರ ಕರ್ನಾಟಕದಲ್ಲಿದೆ. ಇಟ್ಟುಕೊಂಡರೆ ನಷ್ಟವಿಲ್ಲ; ಆದರೆ ಅದನ್ನೇ ನಂಬಿ ಮಧ್ಯಾಹ್ನ ಹೊರಟರೆ ಈರುಳ್ಳಿ ಕಾಯುವುದಿಲ್ಲ. ಊಟದಲ್ಲಿ ಮಜ್ಜಿಗೆಯ ಜೊತೆ ತಿಂದರೆ ಹೆಚ್ಚು ಉಪಯೋಗ!

ಯಾವ ನೀರು, ಎಷ್ಟು ನೀರು?

ಬಾಯಾರಿಕೆಗೆ ಕಾಯದೆ, ಆಡುವ ಮಕ್ಕಳು ಇಪ್ಪತ್ತು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕುಡಿಯಬೇಕು. ಸಾಕಾಗುತ್ತಿದೆಯೇ ಎಂದು ತಿಳಿಯಲು ಮೂತ್ರದ ಬಣ್ಣ ನೋಡಿ. ತಿಳಿ ಹಳದಿ ಇದ್ದರೆ ಸರಿ. ಜೇನುತುಪ್ಪದ ಬಣ್ಣಕ್ಕೆ ತಿರುಗಿದರೆ ನೀರು ಸಾಲದು. ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಗಂಟೆಗಟ್ಟಲೆ ಬೆವರಿದವರು ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ಬೇರೆ ಅಪಾಯ ಬರಬಹುದು. ಇದಕ್ಕೆ ನಮ್ಮ ಹಿರಿಯರ ಬಳಿ ಉತ್ತರವಿತ್ತು: ಉಪ್ಪು ಹಾಕಿದ ನೀರು ಮಜ್ಜಿಗೆ, ಜೋಳ ಅಥವಾ ರಾಗಿಯ ಅಂಬಲಿ, ಚಿಟಿಕೆ ಉಪ್ಪಿನ ನಿಂಬೆ ಪಾನಕ, ಎಳನೀರು. ಬಣ್ಣದ ಸಿಹಿ ಪಾನೀಯಗಳು ಇವುಗಳ ಜಾಗಕ್ಕೆ ಬರಲಾರವು.

ಮನೆಯಲ್ಲೇ ಜೀವಜಲ ತಯಾರಿಸುವುದಾದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬಾರದು. ಔಷಧಿ ಅಂಗಡಿಯ ಓ.ಆರ್.ಎಸ್. ಪುಡಿಯಾದರೆ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಇಡೀ ಪೊಟ್ಟಣ ಹಾಕಿ. ಓ.ಆರ್.ಎಸ್. ಎಂಬ ಹೆಸರು ಹೊತ್ತು ಮಾರಾಟವಾಗುತ್ತಿದ್ದ ಸಿಹಿ ಪಾನೀಯಗಳಿಗೆ ಆ ಹೆಸರನ್ನು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಡಬ್ಬಿಯ ಮುಂಭಾಗವನ್ನು ಬಿಟ್ಟು ಹಿಂಭಾಗದ ವಿವರ ಓದುವ ಅಭ್ಯಾಸ ಒಳ್ಳೆಯದು.

ಇಲ್ಲಿ ಪಾಲಕರು ಕೇಳಬೇಕಾದ ಒಂದು ಪ್ರಶ್ನೆಯಿದೆ. ಶಾಲೆಯಿಂದ, ಟ್ಯೂಷನ್ನಿನಿಂದ ಬಂದ ಮಗಳ ನೀರಿನ ಬಾಟಲಿ ತುಂಬಿದಂತೆಯೇ ಇದ್ದರೆ ಬೈಯುವ ಮೊದಲು ಕಾರಣ ಕೇಳಿ. ಶೌಚಾಲಯ ಸರಿಯಿಲ್ಲ ಎಂಬ ಒಂದೇ ಕಾರಣಕ್ಕೆ ದಿನವಿಡೀ ನೀರು ಮುಟ್ಟದ ಹುಡುಗಿಯರು ನಮ್ಮಲ್ಲಿ ಬಹಳ. 2019ರಲ್ಲಿ ಕೇರಳದ ಶಾಲೆಗಳಲ್ಲಿ ಆರಂಭವಾದ ನೀರಿನ ಗಂಟೆಯ ಪದ್ಧತಿ ಕರ್ನಾಟಕಕ್ಕೂ ಬಂತು. ಗಂಟೆ ಬಾರಿಸುವುದು ಸುಲಭ. ಬಾಗಿಲು, ಚಿಲಕ, ನೀರು ಇರುವ ಶೌಚಾಲಯ ಇಲ್ಲದಿದ್ದರೆ ಆ ಗಂಟೆ ಅರ್ಧದಷ್ಟು ಮಕ್ಕಳಿಗೆ ಕೇಳಿಸುವುದೇ ಇಲ್ಲ. ಪಾಲಕರ ಸಭೆಯಲ್ಲಿ ಅಂಕಗಳ ಮಾತು ಮುಗಿದ ಮೇಲೆ ಇದನ್ನೂ ಎತ್ತಬೇಕು.

ಮೈಗೂ ಒಗ್ಗಿಕೊಳ್ಳಲು ಸಮಯ ಬೇಕು

ಬಿಸಿಲಿಗೆ ಮೈ ಒಗ್ಗುತ್ತದೆ. ಬೇಗ ಬೆವರಲು, ಹೆಚ್ಚು ಬೆವರಲು, ಬೆವರಿನಲ್ಲಿ ಉಪ್ಪು ಉಳಿಸಿಕೊಳ್ಳಲು ಕಲಿಯುತ್ತದೆ. ಆದರೆ ಅದಕ್ಕೆ ಒಂದರಿಂದ ಎರಡು ವಾರ ಬೇಕು. ಬೆಂಗಳೂರಿನಿಂದ ನಿನ್ನೆ ರಾತ್ರಿ ಬಸ್ಸು ಹತ್ತಿ ಸಿಂಧನೂರಿನಲ್ಲಿ ಇಳಿದ ಹುಡುಗನಿಗೆ ಅಲ್ಲಿಯ ಚಿಕ್ಕಪ್ಪನ ಮಗನಷ್ಟು ತಾಳಿಕೆ ಇರುವುದಿಲ್ಲ. ‘ಅವನು ಆಡುತ್ತಾನೆ, ನಾನೂ ಆಡುತ್ತೇನೆ’ ಎಂದರೆ ಮೈ ಒಪ್ಪದು. ಮೊದಲ ನಾಲ್ಕೈದು ದಿನ ಬೆಳಗಿನ ಹೊತ್ತು ಮಾತ್ರ ಆಟ, ನಂತರ ಸ್ವಲ್ಪ ಸ್ವಲ್ಪ ಹೆಚ್ಚಿಸಲಿ. ಬೇಸಿಗೆ ಕ್ರೀಡಾ ಶಿಬಿರಗಳಿಗೂ ಇದೇ ನಿಯಮ. ಮೊದಲ ದಿನವೇ ಹತ್ತು ಸುತ್ತು ಓಡಿಸುವ, ತಪ್ಪು ಮಾಡಿದ ಹುಡುಗನಿಗೆ ಶಿಕ್ಷೆಯಾಗಿ ಇನ್ನೆರಡು ಸುತ್ತು ಹಾಕಿಸುವ ತರಬೇತುದಾರರ ಬಳಿ ಮಗುವನ್ನು ಬಿಡುವ ಮುನ್ನ ಪಾಲಕರು ನಾಲ್ಕು ಪ್ರಶ್ನೆ ಕೇಳಲಿ. ಅಭ್ಯಾಸ ಎಷ್ಟು ಹೊತ್ತಿಗೆ? ನೆರಳು ಎಲ್ಲಿದೆ? ನೀರು ಎಷ್ಟು ದೂರ? ಕುಸಿದರೆ ಯಾರು ಏನು ಮಾಡುತ್ತಾರೆ? ಜ್ವರ, ಭೇದಿಯಿಂದ ಈಗಷ್ಟೇ ಎದ್ದ ಮಗುವನ್ನು ಆ ವಾರ ಕಳಿಸಲೇಬಾರದು.

ಇಬ್ಬಿಬ್ಬರನ್ನು ಜೋಡಿ ಮಾಡುವುದು ಒಳ್ಳೆಯ ಉಪಾಯ. ನನ್ನ ಜೋಡಿ ನೀರು ಕುಡಿದನೇ, ಸರಿಯಾಗಿ ಮಾತಾಡುತ್ತಿದ್ದಾನೆಯೇ ಎಂದು ನೋಡುವುದು ನನ್ನ ಕೆಲಸ. ನನ್ನನ್ನು ನೋಡುವುದು ಅವನದು. ‘ನನಗೇನೂ ಆಗಿಲ್ಲ’ ಎಂದು ಗೆಳೆಯ ಹೇಳಿದ ಮಾತ್ರಕ್ಕೆ ನಂಬಬೇಡಿ.

ಮನೆಯೊಳಗಿನ ಬಿಸಿ

ತಗಡಿನ, ಸಿಮೆಂಟ್ ಶೀಟಿನ ಮಾಡು ಹಗಲೆಲ್ಲ ಕಾದು ರಾತ್ರಿಯಿಡೀ ಶಾಖ ಬಿಡುತ್ತದೆ. ರಾತ್ರಿಯೂ ಮೈಗೆ ವಿರಾಮ ಸಿಗದಿದ್ದರೆ ಮರುದಿನದ ಬಿಸಿಲು ದುಪ್ಪಟ್ಟು ಕಾಡುತ್ತದೆ. ಮಾಡಿಗೆ ಸುಣ್ಣ ಬಳಿದರೆ ಬಿಸಿಲು ಹಿಂದಕ್ಕೆ ಚಿಮ್ಮಿ ಒಳಗಿನ ಉಷ್ಣತೆ ಕೆಲವು ಡಿಗ್ರಿ ತಗ್ಗುತ್ತದೆ. ಹಗಲು ಕಿಟಕಿಗೆ ಪರದೆ, ಸಂಜೆ ಗಾಳಿ ತಂಪಾದ ಮೇಲೆ ಕಿಟಕಿ ತೆರೆಯುವುದು ಸರಿಯಾದ ಕ್ರಮ. ಕೋಣೆಯ ಉಷ್ಣತೆ 40 ಡಿಗ್ರಿ ದಾಟಿದರೆ ಬರೀ ಫ್ಯಾನು ಬಿಸಿಗಾಳಿಯನ್ನೇ ಮೈಗೆ ತೂರುತ್ತದೆ. ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಳ್ಳುತ್ತಿರಬೇಕು. ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಉಷ್ಣತೆ ಸುಮಾರು 10 ಡಿಗ್ರಿ ಏರುತ್ತದೆ. ‘ಎರಡು ನಿಮಿಷ ಬಂದೆ’ ಎಂದು ಮಗುವನ್ನು ಒಳಗೆ ಬಿಟ್ಟು ಹೋಗಬೇಡಿ.

ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ರಜೆಯಲ್ಲಿರುವ ಮೊಮ್ಮಕ್ಕಳಿಗೆ ಒಂದು ಕೆಲಸ ಉಂಟು. ವಯಸ್ಸಾದವರಿಗೆ ಬಾಯಾರಿಕೆಯೂ ಕಡಿಮೆ, ಬೆವರೂ ಕಡಿಮೆ. ಬಿ.ಪಿ.ಯ ಕೆಲವು ಮಾತ್ರೆಗಳು ಮೈಯ ನೀರನ್ನು ಹೊರಹಾಕುತ್ತವೆ. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ವೈದ್ಯರನ್ನು ಕೇಳಬೇಕು. ಮಧ್ಯಾಹ್ನ ಮೂರಕ್ಕೆ ಒಂದು ಲೋಟ ಮಜ್ಜಿಗೆ ಕೊಟ್ಟು ಎರಡು ಮಾತಾಡಿಸಿ ಬಂದರೆ, ಅವರು ಎಂದಿನಂತೆ ಇದ್ದಾರೆಯೇ ಎಂಬುದೂ ತಿಳಿಯುತ್ತದೆ.

ಒಂದು ಊರೇ ಹೀಗೆ ತನ್ನವರನ್ನು ನೋಡಿಕೊಂಡ ಉದಾಹರಣೆಯಿದೆ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಉಷ್ಣತೆ 46.8 ಡಿಗ್ರಿಗೆ ಏರಿತು. ಆ ಒಂದು ತಿಂಗಳಲ್ಲಿ ವಾಡಿಕೆಗಿಂತ 1,344 ಹೆಚ್ಚು ಸಾವುಗಳಾದವು ಎಂದು ಸಂಶೋಧಕರು ಲೆಕ್ಕ ಹಾಕಿದರು. 2013ರಲ್ಲಿ ಆ ನಗರ ಬಿಸಿಗಾಳಿಗೆಂದೇ ಯೋಜನೆ ರೂಪಿಸಿತು: ಮುಂಚಿತ ಎಚ್ಚರಿಕೆ, ಕುಡಿಯುವ ನೀರಿನ ತಾಣ, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ; ಮುಂದೆ ಬಡವರ ಮನೆಗಳ ಮಾಡಿಗೆ ಬಿಳಿ ಬಣ್ಣ. ಸಾವುಗಳು ಇಳಿದವೆಂದು ನಂತರದ ಅಧ್ಯಯನ ತೋರಿಸಿತು. ಬಿಸಿಲನ್ನು ತಡೆಯಲಾಗದಿದ್ದರೂ ಬಿಸಿಲಿನ ಸಾವನ್ನು ತಡೆಯಬಹುದು.

ಬಿಸಿಲಿನ ಬೆನ್ನಿಗೇ ಬರುವವು

ಧಗೆ ತಾಳದೆ ಮಕ್ಕಳು ಓಡುವುದು ನೀರಿಗೆ. ಈಜು ಬಾರದವರು ಬಾವಿ, ಕಾಲುವೆಗೆ ಇಳಿಯಬಾರದು. ಬಲ್ಲವರೂ ಒಬ್ಬರೇ ಇಳಿಯಬಾರದು. ಕೃಷಿ ಹೊಂಡದ ಬಗ್ಗೆ ವಿಶೇಷ ಎಚ್ಚರ ಬೇಕು. ಅದರ ಬದಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ. ಈಜು ಬಂದವರೂ ಹತ್ತಿ ಬರಲಾರರು. ಹೊಂಡದ ಸುತ್ತ ಬೇಲಿಯೂ ಒಳಗೆ ಇಳಿಬಿಟ್ಟ ಗಂಟು ಹಾಕಿದ ಹಗ್ಗವೂ ಇರುವಂತೆ ಹೊಲದ ಒಡೆಯರು ನೋಡಿಕೊಳ್ಳಲಿ.

ಇನ್ನೊಂದು, ಸಂಜೆಯ ಸಿಡಿಲು. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಬಿಸಿಲಿನಿಂದ ಸತ್ತವರು 730. ಸಿಡಿಲಿನಿಂದ ಸತ್ತವರು 2,887! ಮಿಂಚು ಕಂಡ ಕೂಡಲೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿನ ಒಳಗೇ ಇದೆ. ಆಟ ನಿಲ್ಲಿಸಿ ಗಟ್ಟಿ ಕಟ್ಟಡಕ್ಕೆ ಓಡಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬೇಡಿ. ಮಾವಿನ ಮರದಡಿ ಕಾಯಿ ಆರಿಸಲು, ಮಳೆಗೆ ಆಸರೆಯೆಂದು ಒಂಟಿ ಮರದ ಕೆಳಗೆ ನಿಲ್ಲಲೇಬಾರದು. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಉಸಿರು ನಿಂತಿದ್ದರೆ ಕೂಡಲೆ ಎದೆ ಒತ್ತಲು ಆರಂಭಿಸಿ, ಹಲವರು ಬದುಕುತ್ತಾರೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸುತ್ತಮುತ್ತಲ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಅದು ಅಪ್ಪನ ಮೊಬೈಲಿನಲ್ಲಿರಲಿ.

ಬಿಸಿಲಿಗೆ ಹೆದರಿ ರಜೆಯನ್ನೆಲ್ಲ ಟಿ.ವಿ. ಮುಂದೆ ಕಳೆಯಬೇಕಾಗಿಲ್ಲ. ಬೆಳಿಗ್ಗೆ ಹತ್ತರೊಳಗೆ, ಸಂಜೆ ಐದರ ನಂತರ ಮನಸಾರೆ ಆಡಿ. ನಡುವಿನ ಹೊತ್ತು ಚೌಕಾಬಾರಾಕ್ಕೆ, ಪುಸ್ತಕಕ್ಕೆ, ಅಜ್ಜಿಯ ಕತೆಗೆ ಇರಲಿ. ಮನೆಯ ಮುಂದೆ ಹೋಗುವ ತರಕಾರಿ ಗಾಡಿಯವರಿಗೆ, ಅಂಚೆಯವರಿಗೆ, ರಸ್ತೆ ಕೆಲಸದವರಿಗೆ ಇಂಥ ನಡುಹೊತ್ತಿನ ಬಿಡುವಿಲ್ಲ. ಬಾಗಿಲಲ್ಲಿ ಒಂದು ಮಡಕೆ ನೀರು, ಒಂದು ಲೋಟ ಇಡುವ ಕೆಲಸವನ್ನು ಮಕ್ಕಳೇ ವಹಿಸಿಕೊಳ್ಳಲಿ. ನೀರು ಕೊಡುವಾಗ ಅವರ ಮುಖವನ್ನೂ ಒಮ್ಮೆ ನೋಡಲಿ.